ತಟ್ಟಿದರೆ ನುಡಿಯುವ ಮಣ್ಣು

ಸಂತೆಯಲ್ಲಿ ಮಡಕೆ ಕೊಳ್ಳಲು ಹೊರಟ ಅನುಭವಸ್ಥ ಗೃಹಿಣಿ ಮೊದಲು ಅದರ ಬಣ್ಣವನ್ನಾಗಲಿ ಅಂದವನ್ನಾಗಲಿ ನೋಡುವುದಿಲ್ಲ. ಎಡಗೈಯಲ್ಲಿ ಅದರ ಕಂಠವನ್ನು ಹಿಡಿದೆತ್ತಿ, ಬಲಗೈ ಬೆರಳ ಗೆಣ್ಣಿನಿಂದ ಹೊಟ್ಟೆಯ ಮೇಲೆ ಎರಡು ಸಲ ತಟ್ಟುತ್ತಾಳೆ. ‘ಠಣ್’ ಎಂದು ನುಡಿದರೆ ಬೆಲೆ ಕೇಳುತ್ತಾಳೆ. ‘ದಬ್’ ಎಂದರೆ ಮಾತಿಲ್ಲದೆ ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳುತ್ತಾಳೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯಿಂದ ಹಿಡಿಯುವ ಈ ಪರೀಕ್ಷೆಯನ್ನು ಯಾವ ಶಾಲೆಯಲ್ಲಿಯೂ ಕಲಿಸುವುದಿಲ್ಲ. ಆದರೆ ಸುಟ್ಟ ಮಣ್ಣಿನ ಸ್ವಭಾವವನ್ನು ಕುರಿತು ವಿಜ್ಞಾನಿಗಳು ಬರೆದಿರುವ ದೊಡ್ಡ ಗ್ರಂಥಗಳ ತಿರುಳು ಆ ಎರಡು ತಟ್ಟಿನಲ್ಲಿಯೇ ಅಡಗಿದೆ.

ಮಡಕೆಯ ನಾದವೆಂದೊಡನೆ ಶರಣ ಬಂಧುಗಳಿಗೆ ಕುಂಬಾರ ಗುಂಡಯ್ಯನವರ ನೆನಪಾಗುವುದು ಸಹಜ. ಭಾಲ್ಕಿಯ ಈ ಶರಣರು ಮಡಕೆಯನ್ನು ಬಡಿದು ನಾದಗೈಯುತ್ತಿರಲು ಆ ನಾದಕ್ಕೆ ಸಾಕ್ಷಾತ್ ಶಿವನೇ ಇಳಿದು ಬಂದು ಕುಣಿದನೆಂಬ ಕಥೆಯನ್ನು ಹರಿಹರ ಕವಿ ತನ್ನ ರಗಳೆಯಲ್ಲಿ ಚಿತ್ರಿಸಿದ್ದಾನೆ. ಅವರ ಪುಣ್ಯಸ್ತ್ರೀ ಕೇತಲದೇವಿಯವರ ವಚನಗಳ ಅಂಕಿತವೂ ‘ಕುಂಭೇಶ್ವರ’ ಎಂದೇ ಇದೆ. ಹರಿಹರನು ಹಂಪೆಗೆ ತೆರಳುವ ಮುನ್ನ ದ್ವಾರಸಮುದ್ರದ ಹೊಯ್ಸಳ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂಬುದು ಪ್ರತೀತಿ. ದ್ವಾರಸಮುದ್ರವೆಂದರೆ ಇಂದಿನ ಹಳೇಬೀಡು. ಆದುದರಿಂದ ಮಣ್ಣು, ಕಲ್ಲು, ಬೆಂಕಿಗಳ ಈ ವಿಚಾರವನ್ನು ನಾವು ಅರಸೀಕೆರೆ, ಬೇಲೂರು, ಹಳೇಬೀಡುಗಳ ಸೀಮೆಯಲ್ಲಿಯೇ ನಿಂತು ನೋಡಬಯಸುತ್ತೇವೆ. ಅದಕ್ಕೆ ತಕ್ಕ ಸಾಮಗ್ರಿ ಅಲ್ಲಿ ಹೇರಳವಾಗಿದೆ.

ಗಟ್ಟಿಯಾಗಿ ಬೆಂದು ಬಿರುಕಿಲ್ಲದೆ ಹೊರಬಂದ ಮಡಕೆಯನ್ನು ತಟ್ಟಿದಾಗ ಅದರ ಗೋಡೆಯೆಲ್ಲ ಒಂದೇ ದೇಹವಾಗಿ ಕಂಪಿಸುತ್ತದೆ. ಕಂಪನ ಒಡನೆ ಸಾಯದೆ ಕೆಲವು ಕ್ಷಣ ನಿಲ್ಲುತ್ತದೆ. ಅದೇ ನಮಗೆ ನಾದವಾಗಿ ಕೇಳಿಸುತ್ತದೆ. ಗೋಡೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಅದರ ಎರಡು ಮೈಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ನುಂಗಿಬಿಡುತ್ತವೆ. ಸರಿಯಾಗಿ ಬೇಯದ ಮಡಕೆಯದೂ ಇದೇ ಪಾಡು: ಕಣಗಳು ಒಂದಕ್ಕೊಂದು ಬೆಸೆದುಕೊಂಡಿಲ್ಲವಾದ್ದರಿಂದ ಅದು ನುಡಿಯದೆ ಮೊದ್ದಾಗಿ ಸದ್ದು ಮಾಡುತ್ತದೆ. ಹೀಗೆ ಒಂದೇ ತಟ್ಟಿನಲ್ಲಿ ಬಿರುಕಿನ ಸಂಗತಿಯೂ ಬೇಯುವಿಕೆಯ ಸಂಗತಿಯೂ ಬಯಲಾಗುತ್ತವೆ.

ಇನ್ನು ಮಣ್ಣಿನ ವಿಚಾರ. ಅರಸೀಕೆರೆಯ ಹೆಸರಿನಲ್ಲಿಯೇ ಕೆರೆಯಿದೆ, ಅರಸಿಯ ಕೆರೆ. ಮಲೆನಾಡಿನ ಮಳೆ ಬಹುಮಟ್ಟಿಗೆ ತಲುಪದ ಈ ಬಯಲುಸೀಮೆಯಲ್ಲಿ ಕೆರೆಯೇ ಊರಿನ ಜೀವಾಳ. ಹೊಯ್ಸಳ ನರಸಿಂಹನ ಮಂತ್ರಿಯಾಗಿದ್ದ ಪದ್ಮರಸರಿಗೆ ಕೆರೆ ಕಟ್ಟಿಸಿದ್ದರಿಂದಲೇ ‘ಕೆರೆಯ ಪದ್ಮರಸ’ ಎಂಬ ಹೆಸರು ನಿಂತಿತೆಂಬುದನ್ನು ವೀರಶೈವ ಸಾಹಿತ್ಯದ ಓದುಗರು ಬಲ್ಲರು. ಕೆರೆ ನೀರನ್ನು ಮಾತ್ರ ಹಿಡಿಯುವುದಿಲ್ಲ. ಸುತ್ತಣ ಹೊಲಗಳಿಂದ ಹರಿದುಬಂದ ನೀರು ಕೆರೆಯಲ್ಲಿ ನಿಂತಾಗ ದಪ್ಪ ಮರಳು ಮೊದಲು ಕೆಳಗಿಳಿಯುತ್ತದೆ. ಅತಿ ಸೂಕ್ಷ್ಮವಾದ ಜೇಡಿ ಕಟ್ಟಕಡೆಗೆ, ನಿಂತ ನೀರಿನಲ್ಲಿ ಮಾತ್ರ ನೆಲೆಸುತ್ತದೆ. ಕುಂಬಾರನು ಬೇಸಗೆಯಲ್ಲಿ ಕೆರೆಯಂಗಳಕ್ಕೆ ಬರುವುದು ನೀರೇ ಜರಡಿ ಹಿಡಿದು ಇಟ್ಟ ಈ ಮಣ್ಣಿಗಾಗಿ. ಕೆರೆಗಳು ಒತ್ತುವರಿಯಾಗಿ, ಇಲ್ಲವೆ ಯಂತ್ರಗಳಿಂದ ಹೂಳನ್ನು ಬುಡಸಹಿತ ಎತ್ತಿಸಿ, ಜೇಡಿಯ ಪದರವೇ ಇಲ್ಲವಾದರೆ ಕುಂಬಾರನ ಕಸುಬಿಗೆ ಮೊದಲ ಕೊಡಲಿ ಬಿದ್ದಂತೆ. ಪ್ಲಾಸ್ಟಿಕ್ಕು, ಸ್ಟೀಲುಗಳ ಮಾತು ಆಮೇಲಿನದು.

ಇದೇ ಅರಸೀಕೆರೆ ತಾಲ್ಲೂಕಿನ ಬಾಗೇಶಪುರದ ಕಡೆ ಇನ್ನೊಂದು ಬಗೆಯ ಮಣ್ಣಿದೆ. ಬಿಳಿಯದು, ಮುಟ್ಟಿದರೆ ಹಿಟ್ಟಿನಂತಹುದು. ಇದನ್ನು ಚೀನೀ ಮಣ್ಣು ಅಥವಾ ಕೇಯೊಲಿನ್ ಎನ್ನುತ್ತಾರೆ. ಇದು ಹುಟ್ಟುವುದು ಕಲ್ಲಿನಿಂದಲೇ. ನಮ್ಮ ಬಂಡೆಗಳಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜವು ಲಕ್ಷಾಂತರ ವರ್ಷಗಳ ಕಾಲ ಮಳೆನೀರಿಗೆ ಸಿಕ್ಕಿ ತನ್ನೊಳಗಣ ಕ್ಷಾರಗಳನ್ನು ಕಳೆದುಕೊಂಡು ಕಡೆಗೆ ಜೇಡಿಯಾಗಿ ಉಳಿಯುತ್ತದೆ. ಕೆರೆಯ ಮಣ್ಣಿಗೆ ಕೆಂಪು ಕೊಡುವ ಕಬ್ಬಿಣದ ಅಂಶ ಇದರಲ್ಲಿ ತೀರ ಕಡಮೆಯಾದ್ದರಿಂದ ಸುಟ್ಟ ಮೇಲೂ ಬಿಳಿಯಾಗಿಯೇ ನಿಲ್ಲುತ್ತದೆ. ಪಿಂಗಾಣಿಯ ತಾಯಿ ಇದೇ ಮಣ್ಣು.

ಜೇಡಿಯ ಕಣಗಳು ಉರುಟಾದ ಕಾಳುಗಳಲ್ಲ. ಅವು ಕಣ್ಣಿಗೆ ಕಾಣದಷ್ಟು ತೆಳ್ಳಗಿನ ಹಾಳೆಗಳು. ಹಾಳೆಗಳ ನಡುವೆ ನೀರು ನಿಂತಾಗ ಒಂದರ ಮೇಲೊಂದು ಜಾರುತ್ತವೆ, ಒತ್ತಿದ ಕಡೆ ಹೋಗುತ್ತವೆ, ಬಿಟ್ಟರೆ ಅಲ್ಲಿಯೇ ನಿಲ್ಲುತ್ತವೆ. ತಿಗರಿಯ ಮೇಲೆ ಮುದ್ದೆ ಕೊಡವಾಗುವುದು ಈ ಗುಣದಿಂದ. ಒಣಗಿದಾಗ ನೀರು ಹೋದಷ್ಟೂ ಹಾಳೆಗಳು ಹತ್ತಿರವಾಗಿ ಮಡಕೆ ಕುಗ್ಗುತ್ತದೆ. ಒಂದು ಕಡೆ ಬೇಗ ಒಣಗಿ ಇನ್ನೊಂದು ಕಡೆ ಹಸಿಯಾಗಿದ್ದರೆ ಎಳೆದಾಟಕ್ಕೆ ಸಿಕ್ಕಿ ಸೀಳುತ್ತದೆ. ಹಸಿ ಮಡಕೆಗಳನ್ನು ಬಿಸಿಲಿಗಿಡದೆ ನೆರಳಿನಲ್ಲಿ ಆರಿಸುವುದು ಆದಕಾರಣ.

ಇಲ್ಲಿಯವರೆಗೆ ಎಲ್ಲವೂ ಹಿಂದಿರುಗಬಹುದಾದದ್ದು. ಒಣಗಿದ ಹಸಿ ಮಡಕೆಯನ್ನು ನೀರಿನಲ್ಲಿ ನೆನೆಯಿಟ್ಟರೆ ಮರಳಿ ಕೆಸರಾಗುತ್ತದೆ. ಆವಿಗೆಯಲ್ಲಿ ಶಾಖ ಸುಮಾರು 450ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಏರಿದಾಗ ಹಾಳೆಗಳ ಒಡಲಿನಲ್ಲಿಯೇ ಬಂಧಿಯಾಗಿದ್ದ ನೀರು ಕಿತ್ತುಕೊಂಡು ಹೊರಡುತ್ತದೆ. ಅಲ್ಲಿಂದ ಮುಂದೆ ಅದು ಜೇಡಿಯಲ್ಲ; ಎಷ್ಟು ನೀರು ಹೊಯ್ದರೂ ಮುದ್ದೆಯಾಗದು. ಇನ್ನೂ ಕಾದಂತೆ ಕಣಗಳ ಅಂಚುಗಳು ಬೆಸೆದುಕೊಳ್ಳುತ್ತವೆ. ಹಳ್ಳಿಯ ಆವಿಗೆ ಸಾಮಾನ್ಯವಾಗಿ 700ರಿಂದ 900 ಡಿಗ್ರಿಯ ನಡುವೆ ನಿಲ್ಲುತ್ತದೆ. ಪಿಂಗಾಣಿಗೆ 1200 ಡಿಗ್ರಿಗೂ ಮೇಲೆ ಬೇಕು. ಅಲ್ಲಿ ಮಣ್ಣಿನ ಒಂದು ಭಾಗ ಗಾಜಾಗಿ ಕರಗಿ ರಂಧ್ರಗಳನ್ನೆಲ್ಲ ತುಂಬಿಬಿಡುತ್ತದೆ. ಆವಿಗೆಯಲ್ಲಿ ಗಾಳಿ ಧಾರಾಳವಾಗಿ ಆಡಿದರೆ ಮಣ್ಣಿನ ಕಬ್ಬಿಣ ಕೆಂಪಾಗುತ್ತದೆ. ಕೊನೆಯಲ್ಲಿ ಹಸಿ ಸೊಪ್ಪು, ಹೊಟ್ಟು ಹಾಕಿ ಬಾಯಿ ಮುಚ್ಚಿ ಹೊಗೆ ಕಟ್ಟಿದರೆ ಅದೇ ಮಣ್ಣು ಕಪ್ಪಾಗುತ್ತದೆ. ಕೆಂಪು ಮಡಕೆಗೂ ಕರಿ ಮಡಕೆಗೂ ಮಣ್ಣು ಬೇರೆಯಾಗಿರಬೇಕಾದ್ದಿಲ್ಲ.

ಹಳ್ಳಿಯ ಮಡಕೆಯಲ್ಲಿ ಉಳಿದ ರಂಧ್ರಗಳನ್ನು ದೋಷವೆಂದು ತಿಳಿಯಬಾರದು. ಹೂಜಿಯ ನೀರು ಅವುಗಳ ಮೂಲಕ ಹೊರಮೈಗೆ ಒಸರಿ ಆವಿಯಾಗುತ್ತದೆ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅದನ್ನು ಉಳಿದ ನೀರಿನಿಂದಲೇ ಎಳೆದುಕೊಳ್ಳುವುದರಿಂದ ಒಳಗಿನ ನೀರು ತಂಪಾಗುತ್ತದೆ. ಗಾಳಿ ಒಣದಾಗಿದ್ದಷ್ಟೂ ಈ ಕೆಲಸ ಚುರುಕು. ಆದುದರಿಂದ ಒಂದೇ ಆವಿಗೆಯ ಎರಡು ಹೂಜಿಗಳಲ್ಲಿ ಒಂದನ್ನು ಬೇಸಗೆಯ ಅರಸೀಕೆರೆಯಲ್ಲಿಯೂ ಇನ್ನೊಂದನ್ನು ಮಳೆಗಾಲದ ಬೇಲೂರಿನಲ್ಲಿಯೂ ಇಟ್ಟರೆ ಮೊದಲನೆಯದು ಹಲ್ಲು ಜುಮ್ಮೆನ್ನಿಸುತ್ತದೆ. ಎರಡನೆಯದು ಬರಿಯ ನೀರಿನ ಪಾತ್ರೆಯಾಗಿ ಕುಳಿತಿರುತ್ತದೆ. ಕುಂಬಾರನನ್ನು ಬೈದು ಪ್ರಯೋಜನವಿಲ್ಲ.

ಇನ್ನು ಒಡೆಯುವ ಮಾತು. ತಾಮ್ರದ ಬಿಂದಿಗೆ ಬಿದ್ದರೆ ತಗ್ಗಾಗುತ್ತದೆ, ಮಣ್ಣಿನ ಕೊಡ ಬಿದ್ದರೆ ಚೂರಾಗುತ್ತದೆ. ಲೋಹದಲ್ಲಿ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರಬಲ್ಲವು. ಏಟು ಬಿದ್ದಾಗ ಜಾರಿ ಏಟನ್ನು ಸಹಿಸುತ್ತವೆ. ಸುಟ್ಟ ಮಣ್ಣಿನಲ್ಲಿ ಪರಮಾಣುಗಳ ಬೆಸುಗೆ ಬಹಳ ಬಿಗಿ. ಆ ಬಿಗಿತದಿಂದಲೇ ಅದು ಬೆಂಕಿಗೆ ಕರಗದು, ಹುಳಿಗೆ ಸವೆಯದು, ತುಕ್ಕು ಹಿಡಿಯದು. ಆ ಬಿಗಿತದಿಂದಲೇ ಬಾಗಲಾರದು. 1921ರಲ್ಲಿ ಇಂಗ್ಲೆಂಡಿನ ಎ. ಎ. ಗ್ರಿಫಿತ್ ಎಂಬ ಎಂಜಿನಿಯರು ಗಾಜನ್ನು ಪರೀಕ್ಷಿಸಿ ಇಂಥ ಪದಾರ್ಥಗಳ ಬಲವನ್ನು ನಿರ್ಧರಿಸುವುದು ಅವುಗಳ ಬೆಸುಗೆಯಲ್ಲ, ಮೈಮೇಲಿನ ಅತಿ ಸೂಕ್ಷ್ಮ ಬಿರುಕುಗಳೆಂದು ತೋರಿಸಿದ. ಎಳೆದಾಗ ಬಲವೆಲ್ಲ ಬಿರುಕಿನ ತುದಿಯಲ್ಲಿ ಗುಂಪುಗೂಡುತ್ತದೆ, ಬಿರುಕು ಬಾಯಿ ಬಿಡುತ್ತದೆ, ನಿಮಿಷವೂ ಹಿಡಿಯದೆ ಪಾತ್ರೆ ಇಬ್ಭಾಗವಾಗುತ್ತದೆ. ಒತ್ತಿದಾಗಲಾದರೋ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ಸುಟ್ಟ ಮಣ್ಣೂ ಕಲ್ಲೂ ಒತ್ತಡವನ್ನು ತಡೆಯುವಷ್ಟು ಎಳೆತವನ್ನು ತಡೆಯವು; ಎರಡಕ್ಕೂ ಹತ್ತು ಪಟ್ಟಿನ ಅಂತರವಿರುವುದು ಅಪರೂಪವಲ್ಲ.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗವನ್ನು ಪ್ರವೇಶಿಸಿದರೆ ಕಂಬಗಳ ಕಾಡು ಬೇರೆಯ ಅರ್ಥವನ್ನು ಕೊಡುತ್ತದೆ. ಎರಡು ಕಂಬಗಳ ಮೇಲೆ ಮಲಗಿದ ಕಲ್ಲಿನ ತೊಲೆಯ ಕೆಳಮೈ ತನ್ನ ಭಾರದಿಂದಲೇ ಎಳೆತಕ್ಕೆ ಒಳಗಾಗುತ್ತದೆ. ತೊಲೆ ಉದ್ದವಾದಷ್ಟೂ ಎಳೆತ ಹೆಚ್ಚು. ಕಲ್ಲಿಗೆ ಅದು ಸಲ್ಲದೆಂದು ಬಲ್ಲ ಶಿಲ್ಪಿಗಳು ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸಿದರು. ನಡುವಣ ಭುವನೇಶ್ವರಿಯನ್ನು ಸುತ್ತು ಸುತ್ತಾಗಿ ಒಳಚಾಚಿದ ಕಲ್ಲುಗಳಿಂದ, ಒಂದರ ಭಾರವನ್ನು ಮತ್ತೊಂದು ಒತ್ತಿ ಹಿಡಿಯುವಂತೆ ಏರಿಸಿದರು. ಅರಸೀಕೆರೆಯ 1220ರ ಹೊತ್ತಿನ ಶಿವಾಲಯದ ಮುಂದಿರುವ ನಕ್ಷತ್ರಾಕಾರದ ತೆರೆದ ಮಂಟಪದ ಗುಮ್ಮಟದಲ್ಲಿಯೂ ಈ ಜಾಣ್ಮೆಯನ್ನು ಕಾಣಬಹುದು. ಪ್ರವಾಸಿಗಳೆಲ್ಲ ಬೇಲೂರು ಹಳೇಬೀಡುಗಳಿಗೆ ಧಾವಿಸುವ ಭರದಲ್ಲಿ ಅರಸೀಕೆರೆಯಲ್ಲಿ ರೈಲು ಇಳಿದು ಬಸ್ಸು ಹತ್ತಿ ಹೋಗಿಬಿಡುವುದು ನಮಗೆ ಸೋಜಿಗವೆನಿಸುತ್ತದೆ.

ಹೊಯ್ಸಳರು ಕೆತ್ತಿದ ಕಲ್ಲಿನ ಕಥೆಯೂ ಇಲ್ಲಿಗೆ ಸೇರಿದ್ದೇ. ನಾವು ಬಳಪದ ಕಲ್ಲು ಎನ್ನುವ ಈ ಹಸಿರುಗಪ್ಪು ಶಿಲೆಯಲ್ಲಿ ಟಾಲ್ಕ್, ಕ್ಲೋರೈಟ್ ಮುಂತಾದ ಮೃದು ಖನಿಜಗಳಿವೆ. ಖನಿಜಗಳ ಗಡಸುತನಕ್ಕೆ 1812ರಲ್ಲಿ ಫ್ರೀಡ್ರಿಕ್ ಮೋಸ್ ಮಾಡಿದ ಮಾಪನದಲ್ಲಿ ವಜ್ರಕ್ಕೆ 10, ಟಾಲ್ಕಿಗೆ 1. ಟಾಲ್ಕ್ ಕೂಡ ಜೇಡಿಯಂತೆ ಹಾಳೆ ಹಾಳೆಯಾಗಿಯೇ ಕಟ್ಟಲ್ಪಟ್ಟದ್ದು. ಉಗುರಿನಿಂದ ಗೀರಿದರೆ ಏಳುತ್ತದೆ. ಚೆನ್ನಕೇಶವ ಪ್ರತಿಷ್ಠೆಯಾದ 1117ರ ಹೊತ್ತಿಗೆ, ಅನಂತರ 1121ರ ಸುಮಾರಿಗೆ ಹಳೇಬೀಡಿನ ಹೊಯ್ಸಳೇಶ್ವರದ ಕೆಲಸ ಮೊದಲಾದ ಹೊತ್ತಿಗೆ, ಮದನಿಕೆಯರ ಬೆರಳುಗುರು, ಆಭರಣದ ಮಣಿ, ಬಳ್ಳಿಯ ಎಲೆಗಳವರೆಗೆ ಉಳಿ ಇಳಿದದ್ದು ಈ ಮೃದುತ್ವದಿಂದ. ಕಂಬಗಳನ್ನು ಚರಕಿಗೆ ಹಚ್ಚಿ ತಿರುಗಿಸಿ ಉರುಟು ಮಾಡಿದ್ದೂ ಈ ಮೃದುತ್ವದಿಂದಲೇ. ಬಳೆಬಳೆಯಾಗಿ ನುಣುಪಾದ ಗಂಟೆಯಾಕಾರದ ಆ ಕಂಬಗಳನ್ನು ಕಂಡಾಗಲೆಲ್ಲ ನಮಗೆ ತಿಗರಿಯ ಮೇಲಣ ಗಡಿಗೆಯೇ ಕಣ್ಣಿಗೆ ಕಟ್ಟುತ್ತದೆ.

ಇದೇ ಟಾಲ್ಕನ್ನು ಬೆಂಕಿಗೆ ಹಾಕಿದರೇನಾಗುತ್ತದೆ? ಸುಮಾರು 900 ಡಿಗ್ರಿ ದಾಟಿದಂತೆ ಜೇಡಿಯ ಹಾಗೆಯೇ ಒಡಲ ನೀರನ್ನು ಕಳೆದುಕೊಂಡು ಬೇರೊಂದು ಖನಿಜವಾಗಿ ಮಾರ್ಪಡುತ್ತದೆ. ಉಗುರಿಗೆ ಸೋಲುತ್ತಿದ್ದದ್ದು ಚಾಕುವಿಗೂ ಸೋಲದಷ್ಟು ಗಡುಸಾಗುತ್ತದೆ. ಸಿಂಧೂ ಕಣಿವೆಯ ಹರಪ್ಪಾ ಜನರು ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಇದನ್ನು ಅರಿತಿದ್ದರು. ಮೃದುವಾದ ಬಳಪದ ಕಲ್ಲಿನಲ್ಲಿ ಮಣಿಗಳನ್ನೂ ಮುದ್ರೆಗಳನ್ನೂ ಕೊರೆದು, ಆಮೇಲೆ ಸುಟ್ಟು ಬಿಳಿಯಾಗಿ ಗಟ್ಟಿ ಮಾಡುತ್ತಿದ್ದರು. ಇಂದು ವಿದ್ಯುತ್ ಉಪಕರಣಗಳ ಬಿಡಿಭಾಗಗಳಲ್ಲಿ ಬಳಸುವ ಸ್ಟಿಯಟೈಟ್ ಎಂಬ ಪಿಂಗಾಣಿಯೂ ಟಾಲ್ಕ್ ಸುಟ್ಟು ಮಾಡಿದ್ದೇ. ಹೊಯ್ಸಳ ಶಿಲ್ಪಿಗಳು ಕೆತ್ತಿದ ಮೂರ್ತಿಗಳನ್ನು ಸುಡಲಿಲ್ಲ, ಸುಡುವಂತೆಯೂ ಇರಲಿಲ್ಲ. ಆದುದರಿಂದ ಅವು ಇಂದಿಗೂ ಮೃದುವಾಗಿಯೇ ಇವೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅವುಗಳ ಕಡೆಗೆ ಇನ್ನಷ್ಟು ಕೈಗಳು ಚಾಚುವುದು ಖಂಡಿತ. ಕಂಬ ನಾದ ಮಾಡುವುದೇ ಎಂದು ನಾಣ್ಯದಿಂದ ಬಡಿದು ನೋಡುವ, ಶಿಲ್ಪದ ಮೈಯನ್ನು ಸವರುವ ಚಟ ನಮ್ಮ ಜನರಿಗಿದೆ. ಮಡಕೆಯನ್ನು ತಟ್ಟಿ ನೋಡಿರಿ. ಬಳಪದ ಕಲ್ಲನ್ನು ಬೇಡ. ಒಬ್ಬರ ಬೆರಳಿನಿಂದ ಏನೂ ಆಗದು, ಲಕ್ಷ ಬೆರಳುಗಳಿಂದ ಮದನಿಕೆಯ ಮೂಗು ಸವೆಯುತ್ತದೆ.

ಬೇಲೂರಿನಲ್ಲಿ ಸುಟ್ಟ ಮಣ್ಣಿಗೂ ಸ್ಥಾನವಿದ್ದಿತು. ಗರ್ಭಗುಡಿಯ ಮೇಲೆ ಇಟ್ಟಿಗೆ ಗಾರೆಗಳಿಂದ, ಮರದ ಆಸರೆಯೊಡನೆ ಕಟ್ಟಿದ ಗೋಪುರವಿದ್ದು, ಕೆಳಗಣ ಕಟ್ಟಡವನ್ನು ಉಳಿಸುವ ಸಲುವಾಗಿ ಅದನ್ನು 1879ರಲ್ಲಿ ಇಳಿಸಲಾಯಿತು. ಹೆಬ್ಬಾಗಿಲಿನ ರಾಯಗೋಪುರವನ್ನು 1397ರಲ್ಲಿ ಮತ್ತೆ ಕಟ್ಟಿಸಿದವನು ವಿಜಯನಗರದ ಎರಡನೆಯ ಹರಿಹರನ ದಂಡನಾಯಕ. ಅವನ ಹೆಸರೂ ಗುಂಡ ಎಂಬುದು ಒಂದು ಸ್ವಾರಸ್ಯ. ಎತ್ತರಕ್ಕೆ ಏರಿದಂತೆ ಕಲ್ಲನ್ನು ಬಿಟ್ಟು ಇಟ್ಟಿಗೆಯನ್ನು ಹಿಡಿಯುವುದರಲ್ಲಿ ವಿವೇಕವಿದೆ: ರಂಧ್ರಮಯವಾದ ಇಟ್ಟಿಗೆ ಕಲ್ಲಿಗಿಂತ ಹಗುರ. ಆದರೆ ಆ ರಂಧ್ರಗಳೇ ಮಳೆನೀರನ್ನು ಹೀರುತ್ತವೆ. ಗಾರೆಯ ಹೊದಿಕೆ ಬಿರಿದ ಕಡೆ ಅಶ್ವತ್ಥದ ಬೀಜವೊಂದು ಬಿದ್ದರೆ ಸಾಕು, ಅದರ ಬೇರು ಬಿರುಕಿನೊಳಗೆ ನುಗ್ಗಿ ಎಳೆತದ ಕೆಲಸವನ್ನು ತಾನೇ ಮಾಡುತ್ತದೆ. ಮಾಡಿನ ಹೆಂಚಿಗೂ ಮಳೆಯೇ ಪರೀಕ್ಷಕ. ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ನಾಡಹೆಂಚಿನ ಜಾಗಕ್ಕೆ ಯಂತ್ರದಿಂದ ಒತ್ತಿದ, ಹೆಚ್ಚು ಬೆಂದ, ಕಡಮೆ ನೀರು ಕುಡಿಯುವ ಹೆಂಚು ಬಂದಿತು.

ಪಿಂಗಾಣಿಗೆ ನಮ್ಮ ನಾಡಿನಲ್ಲಿ ಬೇಡಿಕೆಯನ್ನು ತಂದುದು ಊಟದ ತಟ್ಟೆಗಿಂತ ಹೆಚ್ಚಾಗಿ ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೊಮೀಟರು ದೂರ ತಂತಿಯೆಳೆದಾಗ ಕಂಬಕಂಬಕ್ಕೂ ತಂತಿಯನ್ನು ಹಿಡಿಯುವ, ಆದರೆ ವಿದ್ಯುತ್ತನ್ನು ಕಂಬಕ್ಕೆ ಬಿಡದಿರುವ ವಸ್ತು ಬೇಕಾಯಿತು. ಬೆಸುಗೆಯಲ್ಲಿ ಎಲೆಕ್ಟ್ರಾನುಗಳನ್ನು ಬಿಗಿಯಾಗಿ ಹಿಡಿದಿರುವ ಪಿಂಗಾಣಿ ಇದಕ್ಕೆ ಹೇಳಿಮಾಡಿಸಿದಂತಹುದು. 1930ರ ದಶಕದಲ್ಲಿ ಮೈಸೂರು ಸರಕಾರ ಬೆಂಗಳೂರಿನ ಮಲ್ಲೇಶ್ವರದ ಕಡೆ ಪಿಂಗಾಣಿ ಕಾರ್ಖಾನೆಯನ್ನು ನಡೆಸತೊಡಗಿತು; ಮುಂದೆ ಅದು ಬಿ.ಎಚ್.ಇ.ಎಲ್. ಸಂಸ್ಥೆಗೆ ಸೇರಿತು. ಹಳೆಯ ಮನೆಗಳ ಬಿಳಿ ಫ್ಯೂಸುಗಳು ಈ ಕುಲದವೇ.

ಕಡೆಯದಾಗಿ ಅಡುಗೆಮನೆಗೆ ಬರೋಣ. ಇಲ್ಲಿ ತಿಳಿಯದೆ ನಡೆದುಕೊಂಡರೆ ಆರೋಗ್ಯಕ್ಕೇ ಕುತ್ತು.

ಉಪ್ಪಿನಕಾಯಿಗೆ ಪಿಂಗಾಣಿ ಜಾಡಿಯನ್ನು ಹಿರಿಯರು ಆರಿಸಿಕೊಂಡುದು ಸರಿ. ಉಪ್ಪೂ ಹುಳಿಯೂ ಲೋಹವನ್ನು ತಿನ್ನುತ್ತವೆ, ಚೆನ್ನಾಗಿ ಬೆಂದ ಪಿಂಗಾಣಿಯ ಮೆರುಗನ್ನು ಮುಟ್ಟವು. ಆದರೆ ಮೆರುಗೆಂದರೆ ತೆಳ್ಳಗಿನ ಗಾಜಿನ ಹೊದಿಕೆ. ಕಡಮೆ ಶಾಖದಲ್ಲಿ ಅದು ಕರಗಲೆಂದು ಕೆಲವು ಕಡೆ ಸೀಸವನ್ನು ಬೆರೆಸುವ ರೂಢಿಯಿತ್ತು, ಪೂರ್ತಿ ಹೋಗಿಯೂ ಇಲ್ಲ. ಹುಳಿ ಆ ಸೀಸವನ್ನು ದಿನದಿನವೂ ಸ್ವಲ್ಪ ಸ್ವಲ್ಪ ಸೆಳೆಯುತ್ತದೆ. ಪ್ರಯೋಗಾಲಯಗಳಲ್ಲಿ ಇದನ್ನು ಪರೀಕ್ಷಿಸುವಾಗ ಪಾತ್ರೆಯಲ್ಲಿ ಶೇಕಡ 4ರ ಅಸಿಟಿಕ್ ಆಮ್ಲವನ್ನು 24 ಗಂಟೆ ಇಟ್ಟು ಸೀಸವೆಷ್ಟು ಇಳಿಯಿತೆಂದು ಅಳೆಯುತ್ತಾರೆ. ನಮ್ಮ ನಿಂಬೆಕಾಯಿ ಜಾಡಿಯಲ್ಲಿ ಇರುವುದು ಒಂದು ದಿನವಲ್ಲ, ಒಂದು ವರುಷ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೆ ಕೇಡು. ಆದುದರಿಂದ ಜಾತ್ರೆಯಲ್ಲಿ ಅಲಂಕಾರಕ್ಕೆಂದು ಮಾರುವ ಹೊಳಪು ಬಣ್ಣದ ಮಣ್ಣಿನ ಪಾತ್ರೆಗಳಲ್ಲಿ ಹುಣಿಸೆಹಣ್ಣು, ಮಜ್ಜಿಗೆ, ಉಪ್ಪಿನಕಾಯಿಗಳನ್ನು ಇಡಕೂಡದು. ಮೆರುಗು ಜೇಡರಬಲೆಯಂತೆ ಬಿರಿದ ಜಾಡಿಯನ್ನೂ, ಅಂಚು ಹಾರಿದ ಬಟ್ಟಲನ್ನೂ ಆಹಾರದಿಂದ ದೂರವಿಡುವುದು ಲೇಸು. ಬಿರಿದ ಸಂದುಗಳಲ್ಲಿ ಜಿಡ್ಡು ಸೇರಿದರೆ ಎಷ್ಟು ತೊಳೆದರೂ ಹೋಗದು.

ಮೆರುಗಿಲ್ಲದ ನಾಡಮಡಕೆಗೆ ಈ ಅಂಜಿಕೆಯಿಲ್ಲ. ಅದರ ಮಣ್ಣಿನಲ್ಲಿ ಕುಂಬಾರ ಬೆರೆಸಿದ ಮರಳೂ ಅದರ ರಂಧ್ರಗಳೂ ಓಡುವ ಬಿರುಕನ್ನು ಅಲ್ಲಲ್ಲಿ ತಡೆದು ನಿಲ್ಲಿಸುವುದರಿಂದ ಉರಿಯ ಮೇಲೆ ಪಿಂಗಾಣಿಗಿಂತ ಚೆನ್ನಾಗಿ ತಾಳುತ್ತದೆ. ಆದರೂ ಕಾದ ಮಡಕೆಗೆ ತಣ್ಣೀರು ಸುರಿದರೆ ಒಳಮೈ ಒಮ್ಮೆಗೇ ಕುಗ್ಗಿ ಎಳೆತಕ್ಕೆ ಸಿಕ್ಕಿ ಸೀಳುವುದು ತಪ್ಪದು. ಬಿಸಿ ನೀರನ್ನೇ ಹೊಯ್ಯಬೇಕು. ಒಲೆಯಿಂದ ಇಳಿಸಿದ್ದನ್ನು ಒದ್ದೆ ನೆಲದ ಮೇಲಿಡದೆ ಸಿಂಬಿಯ ಮೇಲಿಡಬೇಕು. ಹೊಸ ಮಡಕೆಯನ್ನು ತಂದ ದಿನ ಒಂದು ಹಗಲು ಒಂದು ರಾತ್ರಿ ನೀರಿನಲ್ಲಿ ಮುಳುಗಿಸಿಟ್ಟು, ಮಾರನೆಯ ದಿನ ಸಣ್ಣ ಉರಿಯಲ್ಲಿ ಅಕ್ಕಿಯ ಗಂಜಿಯನ್ನು ಕಾಯಿಸಿ ಅದರಲ್ಲಿಯೇ ಆರಲು ಬಿಟ್ಟು ಚೆಲ್ಲುವರು. ಗಂಜಿಯ ಪಿಷ್ಟ ರಂಧ್ರಗಳೊಳಗೆ ಇಳಿದು ಒಸರುವಿಕೆ ನಿಲ್ಲುತ್ತದೆ. ಸಾರಿನ ಗಡಿಗೆಗೆ ಇದನ್ನು ಮಾಡಿರಿ. ಕುಡಿಯುವ ನೀರಿನ ಹೂಜಿಗೆ ಮಾತ್ರ ಮಾಡಬೇಡಿರಿ. ರಂಧ್ರ ಮುಚ್ಚಿದರೆ ನೀರು ತಂಪಾಗದು.